ಮುಳುಗಿಸಿ ಸಾಕಿದ ದೋಣಿ

ನಾನು ಒಂದು ದೋಣಿ. ಹುಟ್ಟಿದ ದಿನವೇ ನನ್ನನ್ನು ನೀರಿನಲ್ಲಿ ಮುಳುಗಿಸಿದರು.

ಅಘನಾಶಿನಿ ಹೊಳೆಯ ದಂಡೆಯಲ್ಲಿ ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ನಾರಿನ ಕತ್ತದ ಹುರಿಯಿಂದ ಹೊಲಿದು, ಹೊನ್ನೆ ಎಣ್ಣೆ ಬಳಿದು ನನ್ನನ್ನು ಮಾಡಿದ್ದು ಬೀರ ಅಂಬಿಗನಿಗಾಗಿ. ಆಚಾರಿ ಕೈ ತೊಳೆದುಕೊಂಡು ಹೋದದ್ದೇ ತಡ, ಬೀರ ನನ್ನ ಹೊಟ್ಟೆಗೆ ಕಲ್ಲು ಹೇರಿ ನೀರು ತುಂಬಿದ. ಅಂಚು ಮುಳುಗಿ ಆಕಾಶ ಕಲಕಿ ಹೋದಾಗ, ಇಷ್ಟಕ್ಕೇ ಹುಟ್ಟಿಸಿದರೇ ಎಂದು ನಡುಗಿದೆ. ನೀರು ಕುಡಿದು ಹಲಗೆ ಉಬ್ಬಿದರೇ ಸಂದು ಮುಚ್ಚುವುದು, ಒಣಗಿದ ದೋಣಿಯೇ ಸೋರುವುದು ಎಂದು ಎಳೆಯ ದೋಣಿಗೆ ಯಾರು ಹೇಳಬೇಕು? ಕೆಲವು ದಿನ ಕಳೆದು ಬೀರ ಅಡಿಕೆ ಹಾಳೆಯ ಮೊಗೆಯಿಂದ ಮೊದಲ ಮೊಗೆ ನೀರೆತ್ತಿ ಹೊರಗೆ ಚೆಲ್ಲಿದ. ಆ ಸದ್ದು ನನ್ನ ಪಾಲಿಗೆ ಮಂಗಳಾರತಿಯ ಗಂಟೆ. ಅಂದಿನಿಂದ ಪ್ರತಿ ಮಳೆಗಾಲ ಮುಳುಗುತ್ತೇನೆ. ಪ್ರತಿ ಸಲವೂ ಹೆದರುತ್ತೇನೆ.

ಬೀರನ ಕಾಲದಲ್ಲಿ ಉಪ್ಪು ಹೊತ್ತೆ. ಅವನ ಮಗ ಜಟ್ಟುವಿನ ಕಾಲದಲ್ಲಿ ಹುಲ್ಲು, ತೆಂಗಿನಕಾಯಿ, ಮದುವೆಯ ದಿಬ್ಬಣ, ಒಮ್ಮೊಮ್ಮೆ ತಾಳಮದ್ದಳೆಯ ಮೇಳ. ಭಾಗವತರು ದಡ ಮುಟ್ಟುವ ತನಕ ಪದ ಹೇಳುತ್ತಿದ್ದರು. ದೋಣಿಗೆ ಬಾಯಿಲ್ಲ, ಇರುವುದೆಲ್ಲ ಕಿವಿ. ದೇವರ ಕಥೆಗಳು ಉಪ್ಪಿನ ಹಾಗೆ ನನ್ನ ಹಲಗೆಯೊಳಗೆ ಇಳಿದವು. ಆಮೇಲೆ ಹೊಳೆಗೆ ಸೇತುವೆ ಬಂತು. ಹೊರೆ ತಪ್ಪಿತು, ಕೆಲಸವೂ ತಪ್ಪಿತು. ಜಟ್ಟು ತೀರಿಕೊಂಡ ಮೇಲೆ ಅವನ ಮಗಳು ಮಾದೇವಿ ಬಿದಿರಿನ ಗಳ ಹಿಡಿದಳು.

ಹೊಳೆದಂಡೆಯಲ್ಲಿ ಹೊಸ ಹೋಟೆಲು ಕಟ್ಟಿಸಿದ ರತ್ನಾಕರ ಒಂದು ದಿನ ಬಂದು ನನ್ನ ಅಂಚನ್ನು ಸವರಿದ.

"ಹೆಂಗ್ಸು ಗಳ ಹಾಕೂದ್ ಕಂಡ್ರೆ ಜನ ಹತ್ತೂದಿಲ್ಲ ಮಾದೇವಿ. ದೋಣಿ ನಂಗೆ ಕೊಡು. ನಡುವಿಗೆ ಕೊಯ್ಸಿ, ಬಾಗ್ಲಲ್ಲಿ ನೆಟ್ಟಗೆ ನಿಲ್ಸಿ ಕಪಾಟು ಮಾಡ್ತೆ. ಚಂದ ಕಾಣ್ತದೆ."

"ನಿಮ್ಮನ್ನೇ ನಡುವಿಗೆ ಕೊಯ್ಸಿ ನಿಲ್ಸಿರೆ ಇನ್ನೂ ಚಂದ ಕಾಣ್ತದೆ, ರತ್ನಾಕರಣ್ಣ."

ಅವನು ನಕ್ಕ. ಆದರೆ ಬಿಡಲಿಲ್ಲ. ಮಳೆ ನಿಂತ ಮೇಲೆ ಒಂದು ಭಾನುವಾರ ತನ್ನ ಅತಿಥಿಗಳನ್ನು ಕೂರಿಸಿಕೊಂಡು ಹೊಳೆ ಸುತ್ತಿಸಿ ತರಬೇಕು. ಸುಸೂತ್ರವಾದರೆ ಪ್ರತಿ ವಾರದ ಪ್ರಯಾಣ ಅವಳದು, ಎಡವಟ್ಟಾದರೆ ದೋಣಿ ಅವನದು. ಮಾದೇವಿ ಒಪ್ಪಿದಳು. ಗರಗಸದ ಸದ್ದು ಅಂದಿನಿಂದಲೇ ನನ್ನ ಕಿವಿಯಲ್ಲಿ ಕೂತಿತು.

ಆ ಭಾನುವಾರ ಮಧ್ಯಾಹ್ನ ರತ್ನಾಕರನನ್ನೂ ಅತಿಥಿಗಳನ್ನೂ ಹೊತ್ತು ನಿಧಾನವಾಗಿ ತೇಲಿದೆವು. ಎಡಕ್ಕೆ ಉಪ್ಪಿನ ಆಗರ, ಬಲಕ್ಕೆ ಉಪ್ಪುನೀರಲ್ಲೂ ತೆನೆ ಬಿಡುವ ಗಜನಿ ಗದ್ದೆ, ಸೊಂಟದುದ್ದ ನೀರಲ್ಲಿ ನಿಂತು ಹಾಡುತ್ತ ಚಿಪ್ಪು ಹೆಕ್ಕುವ ಹೆಂಗಸರು. ಅತಿಥಿಗಳು ಮಾತು ಮರೆತು ನೋಡುತ್ತಿದ್ದರು. ಅವರಲ್ಲಿ ಗೋದಕ್ಕ ಎಂಬ ಮುದುಕಿ ಮಾತ್ರ ಕಣ್ಣು ಮುಚ್ಚಿ, ಜಪಸರ ಹಿಡಿದು, ನನ್ನ ಹಾಗೆಯೇ ಬರಿದೆ ಕೇಳುತ್ತಿದ್ದಳು.

ಕಡಲು ಉಕ್ಕಿ ಹೊಳೆಗೆ ನೀರೇರುವ ತುಂಬು ಭರತದಲ್ಲಿ ಮಾತ್ರ ದಾಟಬಹುದಾದ ಮರಳುತಿಟ್ಟೊಂದು ಹೊಳೆಯ ನಡುವೆ ಇದೆ. ಅಲ್ಲಿಗೆ ಬಂದಾಗ ನನ್ನ ಹೊಟ್ಟೆ ಕರ್ರೆಂದು ಉಜ್ಜಿತು. ನಿಂತೇಬಿಟ್ಟೆ.

ಮಾದೇವಿ ಬೆರಳು ಮಡಚಿ ಲೆಕ್ಕ ಹಾಕಿದಳು. ತಿಥಿಯಿಂದ ತಿಥಿಗೆ ಭರತ ಒಂದಿಷ್ಟು ತಡವಾಗಿ ಬರುತ್ತದೆ. ಏಕಾದಶಿಯಿಂದ ಎಣಿಸು ಎಂದು ಅಪ್ಪ ಜಟ್ಟು ಅವಳಿಗೆ ಕಲಿಸಿದ್ದ. ನಿನ್ನೆ ಉಪವಾಸ, ಇಂದು ದ್ವಾದಶಿ, ಈ ಹೊತ್ತಿಗೆ ನೀರು ತುಂಬಿರಲೇಬೇಕು. ಇಲ್ಲವೆಂದರೆ ಆಗಲೇ ಇಳಿಯತೊಡಗಿದೆ ಎಂದೇ ಅವಳ ಲೆಕ್ಕ. ಘಟ್ಟದ ಮಳೆನೀರು ಇನ್ನೂ ಹರಿಯುತ್ತಿದ್ದರಿಂದ ಹೊಳೆಯ ಮುಖ ನೋಡಿ ಏನೂ ತಿಳಿಯುವಂತಿರಲಿಲ್ಲ.

"ಇಳಿತ ಹಿಡೀತು ಕಾಣ್ತದೆ," ಎಂದಳು.

"ಹಂಗಾರೆ ಕತ್ತಲೆ ತನಕ ಇಲ್ಲೇ ತಪಸ್ಸು!" ರತ್ನಾಕರ ಫೋನು ತೆಗೆದು ಇಂಜಿನ್ ದೋಣಿಗೆ ಹೇಳಿಕಳಿಸಿದ.

ಆದರೆ ನನ್ನ ಅಡಿಹಲಗೆಗೆ ತಣ್ಣಗೆ ಒಂದು ಎಳೆ ತಾಗುತ್ತಿತ್ತು. ಕಡಲ ನೀರು! ಇಳಿಯುತ್ತಿಲ್ಲ ಮಗಳೇ, ಏರುತ್ತಿದೆ ಎಂದು ಕೂಗಬೇಕೆನಿಸಿತು. ಬಾಯಿಲ್ಲದ ಜನ್ಮ, ಏನು ಮಾಡಲಿ?

ಆಗ ಗೋದಕ್ಕ ಕಣ್ಣು ತೆರೆದಳು. "ತಂಗೀ, ನೀನು ಏಕಾದಶಿ ಮಾಡಿದ್ದು ಯಾವತ್ತು?"

"ನಿನ್ನೆ ಅಮ್ಮಾ. ವೆಂಕಟ್ರಮಣ ದೇವಸ್ಥಾನದಲ್ಲಿ ನಿನ್ನೆನೇ."

"ಅದು ವೈಷ್ಣವರ ಏಕಾದಶಿ. ಈ ಸಲ ಎರಡು ಬಂತು ನೋಡು. ಸ್ಮಾರ್ತರ ಲೆಕ್ಕದಲ್ಲಿ ನಾನು ಮೊನ್ನೆಯೇ ಮಾಡಿ ಮುಗ್ಸಿದ್ದೆ. ಇವತ್ತು ತ್ರಯೋದಶಿ."

ಮಾದೇವಿ ಹಣೆ ಹಣೆ ಚಚ್ಚಿಕೊಂಡಳು. "ಅಪ್ಪ ಮೇಲಿನಕೇರಿ ಭಟ್ಟರ ಹತ್ರ ತಿಥಿ ಕೇಳ್ತಿದ್ದ! ನಾನು ನನ್ನ ಉಪಾಸ ಎಣಿಸ್ದೆ. ಒಂದು ತಿಥಿ ತಪ್ಪೋಯ್ತು. ಹಂಗಾರೆ ಭರತ ಇನ್ನೂ ಆಗ್ಲೇ ಇಲ್ಲ!" ಗಳ ಊರಿ, ನೀರು ಮುಟ್ಟಿದಲ್ಲಿ ಬೆರಳಿಟ್ಟು ಕಾದಳು. ಸ್ವಲ್ಪ ಹೊತ್ತಿಗೆ ನೀರು ಬೆರಳನ್ನು ದಾಟಿತು.

"ನಿನ್ನ ಉಪಾಸ ಹೊಟ್ಟೆಗೋ ಹೊಳೆಗೋ ಮಾರಾಯ್ತಿ?" ಎಂದ ರತ್ನಾಕರ. ಅಷ್ಟರಲ್ಲಿ ದೂರದಿಂದ ಇಂಜಿನ್ನಿನ ಸದ್ದು ಕೇಳಿಸಿತು. ಅತಿಥಿಗಳು ಚೀಲ ಕೈಗೆತ್ತಿಕೊಂಡರು. ಅವರು ಇಳಿದರೆ ನನ್ನ ಕಥೆ ಮುಗಿದಂತೆ.

ಗೋದಕ್ಕ ಕಾಲು ಮಡಚಿ ಗಟ್ಟಿಯಾಗಿ ಕೂತಳು. "ನಾನು ಇಳಿಯೂದಿಲ್ಲ. ಹೊಳೆ ಬರೂ ತನಕ ಒಂದು ಕಥೆ ಹೇಳ್ತೆ."

ಮೊಸಳೆಯ ಬಾಯಿಗೆ ಸಿಕ್ಕಿ ದೇವರನ್ನು ಕೂಗಿದ ಆನೆಯ ಕಥೆ, ಬಾಯಿಪಾಠದ ಪದ್ಯದಲ್ಲಿ. ಎಷ್ಟು ಕಾಲವಾಗಿತ್ತು ಅಂಥ ದನಿ ಕೇಳಿ! ಒಬ್ಬೊಬ್ಬರೇ ಚೀಲ ಕೆಳಗಿಟ್ಟರು. ಇಂಜಿನ್ ದೋಣಿ ಹತ್ತಿರ ಬಂದು ಸುಮ್ಮನಾಯಿತು. ಆನೆ ಸೊಂಡಿಲಲ್ಲಿ ತಾವರೆ ಎತ್ತುವ ಮೊದಲೇ ನನ್ನ ಮೂತಿ ಎದ್ದಿತು. ಮಾದೇವಿ ಗಳ ಒತ್ತಿದಳು. ತೇಲಿದೆ.

ದಡದಲ್ಲಿ ರತ್ನಾಕರ ಅಂದದ್ದಿಷ್ಟೇ: "ಮುಂದಿನ ಭಾನ್ವಾರ ಎರಡೂ ಪಂಚಾಂಗ ನೋಡ್ಕಂಡ್ ಬಾ."

ಆಮೇಲೆ ಎಷ್ಟೋ ಭಾನುವಾರಗಳು ಬಂದವು. ಈಗ ನನಗೆ ವಯಸ್ಸಾಗಿದೆ, ಮಾದೇವಿಯ ಕೂದಲೂ ಬೆಳ್ಳಗಾಗಿದೆ. ಅವಳ ಮನೆಯ ಕೆಳಗಿನ, ಹೊಳೆಯ ಕವಲಾದ ಕೋಡಿಯಲ್ಲಿ ಕಲ್ಲು ಹೊತ್ತು ಮುಳುಗಿ ಮಲಗಿದ್ದೇನೆ. ಮೇಲೆ ಹಾದುಹೋಗುವವರು ಬಗ್ಗಿ ನೋಡಿ, "ಪಾಪ, ಮುಳುಗಿದ ದೋಣಿ," ಎನ್ನುತ್ತಾರೆ. ಮುಳುಗಿದ್ದಲ್ಲ, ಮುಳುಗಿಸಿದ್ದು. ಬೇಡವಾದ ದೋಣಿಯನ್ನು ಬಿಸಿಲಿಗೆ ಬಿಡುತ್ತಾರೆ, ಬೇಕಾದದ್ದನ್ನು ನೀರಿಗೆ. ಇದು ಗೊತ್ತಿದ್ದೂ ಹಳೆಯ ಅಂಜಿಕೆ ಹೋಗಿಲ್ಲ. ಮಳೆ ನಿಂತಿದೆ, ನೀರು ತಿಳಿಯಾಗಿದೆ. ಮೊದಲ ಮೊಗೆಯ ಸದ್ದು ಈ ವರ್ಷ ಇನ್ನೂ ಕೇಳಿಸಿಲ್ಲ.

ಕಿವಿಗೊಟ್ಟು ಮಲಗಿದ್ದೇನೆ.