ಬೀಗ ಹಾಕಿದವರೇ ಬಾಗಿಲು ಬಡಿದದ್ದು

ಚೆಂಬೂರಿನ ನಂಜುಂಡನವರ ಮೂಗು ಎಂಥದ್ದೆಂದರೆ, ಅತ್ತ ಕುರ್ಲಾ ಸ್ಟೇಷನ್ನಿನಲ್ಲಿ ಯಾರಾದರೂ ಹಳಸಿದ ವಡಾಪಾವ್ ಬಿಚ್ಚಿದರೆ ಇತ್ತ ಇವರು ಎದ್ದು ಮನೆಯ ಕಿಟಕಿ ಮುಚ್ಚುತ್ತಿದ್ದರು. ಉತ್ಪ್ರೇಕ್ಷೆ ಅನ್ನುವವರು ಅವರ ಬಿಲ್ಡಿಂಗಿನಲ್ಲೇ ವಿಚಾರಿಸಿಕೊಳ್ಳಲಿ. ಲೋಕಲ್‌ನಲ್ಲಿ ಸೀಟು ಸಿಕ್ಕರೂ ಅವರು ಕೂರುತ್ತಿರಲಿಲ್ಲ. ಮೊದಲು ಕೂತಿದ್ದವನ ಬಿಸಿ ಆರಲಿ ಎಂದು ಕಾಯುವಷ್ಟರಲ್ಲಿ ಇಳಿಯುವ ಸ್ಟೇಷನ್ ಬಂದುಬಿಡುತ್ತಿತ್ತು. ಪಕ್ಕದಲ್ಲಿ ಯಾರಾದರೂ ಸೀನಿದರೆ ಮುಗಿಯಿತು, ಮನೆಗೆ ಬಂದವರೇ ಡಾಕ್ಟರನ್ನೂ ಕೇಳದೆ ಒಂದು ಆಂಟಿಬಯೋಟಿಕ್ ನುಂಗುತ್ತಿದ್ದರು. ಮುಂಬಯಿಯಲ್ಲಿ ಸೀನುವವರಿಗೇನು ಬರ? ಅವರು ನುಂಗಿದ ಮಾತ್ರೆಗಳನ್ನು ಸಾಲಾಗಿ ಜೋಡಿಸಿದ್ದರೆ ಪುಣೆ ಮುಟ್ಟಿ, ಅಲ್ಲಿ ಕಾಫಿ ಕುಡಿದು, ವಾಪಸ್ ಬರಬಹುದಿತ್ತು.

ಸೊಸೈಟಿಯ ಸೆಕ್ರೆಟರಿಯಾದ ದಿನವೇ ಅವರು ಮಾಡಿದ ಮೊದಲ ಘನಕಾರ್ಯ, ಕೆಳಗಿನ ಸಂಡಾಸಿಗೆ ಬೀಗ ಜಡಿದದ್ದು. ಅದನ್ನು ಬಳಸುತ್ತಿದ್ದವರು ಇಬ್ಬರೇ: ಅಫಜಲಪುರದ ಕಡೆಯಿಂದ ಬಂದ ವಾಚ್‌ಮನ್ ಚಂದ್ರಾಮ, ಮತ್ತು ಆ ಬಿಲ್ಡಿಂಗಿನ ಮನೆಗಳಲ್ಲಿ ಪಾತ್ರೆ ತಿಕ್ಕುವ ಅವನ ಹೆಂಡತಿ ರುಕ್ಮಿಣಿಬಾಯಿ. “ನಾವು ಓಡಾಡೋ ಜಾಗ ಕಣ್ರೀ. ಅಲ್ಲಿಂದ ಗಾಳಿ ಬರತ್ತೆ,” ಅಂದಿದ್ದರು ನಂಜುಂಡ. ಅಂದಿನಿಂದ ಗಂಡ ಹೆಂಡತಿ ಸ್ಟೇಷನ್ ಹತ್ತಿರದ ಸಾರ್ವಜನಿಕ ಸಂಡಾಸಿಗೆ ಹೋಗಿ ಸರದಿ ನಿಲ್ಲಬೇಕಾಯಿತು. ರುಕ್ಮಿಣಿಬಾಯಿಗೆ ಏನಾದರೂ ಕೊಡುವುದಿದ್ದರೆ ನಂಜುಂಡ ನೆಲದ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು. ಅವಳು ತಿಕ್ಕಿಟ್ಟ ಲೋಟವನ್ನು ಮತ್ತೆ ಎರಡು ಸಲ ನಲ್ಲಿಗೆ ಹಿಡಿಯದೆ ಒಳಗೆ ಒಯ್ಯುತ್ತಿರಲಿಲ್ಲ. ಅದೂ ಅವಳು ನೋಡುತ್ತಿರುವಾಗಲೇ, ಅವಳ ಎದುರಿಗೇ.

ಇಂಥ ಮನುಷ್ಯನಿಗೆ ಭೇದಿ ಹತ್ತಿತು. ಹತ್ತಿತು ಅಂದರೆ, ಮಳೆಗಾಲದ ಮಿಠಿ ನದಿ ನಾಚಬೇಕು. ಯಾವ ಔಷಧಿಗೂ ಜಗ್ಗಲಿಲ್ಲ. ದೊಡ್ಡಾಸ್ಪತ್ರೆಯ ಹಾಸಿಗೆಯಲ್ಲಿ ಅವರು ಒಗೆದು ಹಿಂಡಿದ ಪಂಚೆಯಂತೆ ಬಿದ್ದಿದ್ದರು. ತಮ್ಮ ಮೈಯ ನಾತ ತಮ್ಮದೇ ಮೂಗಿಗೆ ತಾಗಿ, ಇಪ್ಪತ್ತನಾಲ್ಕು ಗಂಟೆಯೂ ಮುಖ ತಿರುಗಿಸಿಕೊಂಡಿರುತ್ತಿದ್ದರು. ಯಾವ ಕಡೆ ತಿರುಗಿಸಿದರೂ ಅಲ್ಲಿ ಅವರೇ ಇದ್ದರು.

ಕರುಳಿನ ಮೇಲೆ ಸಂಶೋಧನೆ ನಡೆಸುತ್ತಿದ್ದ ಡಾಕ್ಟರ್ ಸುಹಾಸ ಬಂದು ಹಾಸಿಗೆಯ ಪಕ್ಕ ಕೂತ. ಇಲ್ಲೇ ಹುಟ್ಟಿ ಬೆಳೆದ ಹುಡುಗ, ಕನ್ನಡ ತಡವರಿಸುತ್ತಿತ್ತು.

“ಅಂಕಲ್, ನಿಮ್ಮ ಹೊಟ್ಟೆಯಲ್ಲಿ ಒಳ್ಳೆ ಕೀಟಾಣು ಎಲ್ಲಾ ಖತಮ್. ಮಾತ್ರೆ ತಿಂದು ತಿಂದು ನೀವೇ ಸಾಯಿಸಿದ್ದು. ಈಗ ಕೆಟ್ಟದ್ದೇ ರಾಜ್ಯ ಮಾಡ್ತಾ ಇದೆ. ನಮ್ಮ ಸ್ಟಡಿಯಲ್ಲಿ ಒಂದು ಟ್ರೀಟ್‌ಮೆಂಟ್ ಇದೆ. ಹೆಲ್ದಿ ಇರೋರ ಮಲ ತಗೊಂಡು, ಸಲೈನ್‌ನಲ್ಲಿ ಕಲಸಿ, ಸೋಸಿ, ನಳಿಗೆಯಿಂದ ನಿಮ್ಮ ಕರುಳಿಗೆ ಬಿಡೋದು. ಔಷಧಿ ಕೇಳದೆ ಇರೋರು ಬಹಳ ಜನ ಇದರಲ್ಲಿ ಹುಷಾರಾಗಿದ್ದಾರೆ.”

“ಸೋಸೋದು ಅಂದ್ರೆ,” ನಂಜುಂಡ ತಲೆ ಎತ್ತಿ ಕೇಳಿದರು, “ಕಾಫಿ ಸೋಸೋ ಹಾಗೇನಪ್ಪ?”

“ಆಲ್‌ಮೋಸ್ಟ್, ಅಂಕಲ್.”

ನಂಜುಂಡ ವಾಂತಿ ಮಾಡಿದರು. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಆದರೂ ಹೋದ ಯುಗಾದಿಯ ಒಬ್ಬಟ್ಟಿನ ಹೂರಣವೂ ಹೊರಗೆ ಬಂತು. ಕಾಫಿಯ ಹೆಸರೆತ್ತಿದರೂ ಅಂದಿನಿಂದ ಓಕರಿಕೆ. ಮೈಸೂರಿನಿಂದ ಬಂದ ಮನುಷ್ಯನಿಗೆ ಇನ್ನೇನು ಉಳಿಯಿತು?

“ಬೇಡಾಂದ್ರೆ ಫೋರ್ಸ್ ಇಲ್ಲ,” ಅಂದ ಸುಹಾಸ. “ಆದ್ರೆ ಕರುಳು ಊದ್ತಾ ಇದೆ. ಒಡೆದರೆ ನಿಮ್ಮನ್ನ ಉಳಿಸೋದು ಕಷ್ಟ.”

ಪಂಕಜಾ ಗಂಡನ ಕೈ ಹಿಡಿದು ಗೋಳಾಡಿದ ಮೇಲೆ ಅವರು ಗೋಡೆಯ ಕಡೆ ಮುಖ ಮಾಡಿಕೊಂಡೇ ಒಪ್ಪಿದರು. “ನಮ್ಮ ಮನೇದೇ ಆಗಲಿ,” ಎಂಬ ಕರಾರಿನ ಮೇಲೆ.

ದಾನಿಯನ್ನು ರೋಗಿಯೇ ಕರೆತರಬೇಕೆಂಬುದು ಅಲ್ಲಿಯ ನಿಯಮ. ಪಂಕಜಾಳ ಅಸಿಡಿಟಿ ಮಾತ್ರೆ ಅಡ್ಡ ಬಂತು. ಮಗ ಅಚಿಂತ್ಯನ ಪರೀಕ್ಷೆಯಲ್ಲಿ ಯಾವುದೋ ಕೆಟ್ಟ ಕ್ರಿಮಿ ಸಿಕ್ಕಿತು. ಗ್ರಾಂಟ್ ರೋಡಿನ ಭಾವಮೈದುನ, ಸದಾ ರೇಷ್ಮೆ ಶರ್ಟಿನವನು, ಒಳಗೆ ಕಾಲಿಡುವ ಮೊದಲೇ ಸಕ್ಕರೆ ಕಾಯಿಲೆಯ ಕಾರಣಕ್ಕೆ ಹೊರಬಿದ್ದ. ಬಂಧುಬಳಗದ ಹೊಟ್ಟೆಗಳೆಲ್ಲ ಒಂದೊಂದಾಗಿ ನಪಾಸಾದವು.

ಆಗ ಪಂಕಜಾ ಮೆಲ್ಲಗೆ ಅಂದಳು: “ಒಬ್ಬನಿದ್ದಾನೆ. ಹುಟ್ಟಿದಾಗಿನಿಂದ ಮಾತ್ರೆ ನುಂಗಿದವನಲ್ಲ. ಜೋಳದ ರೊಟ್ಟಿ, ಹಸಿ ಈರುಳ್ಳಿ, ಸೊಪ್ಪು ತಿಂದುಕೊಂಡು ಗೇಟ್ ಹತ್ರ ಕೂತಿರ್ತಾನೆ.”

ಚಂದ್ರಾಮನ ಪರೀಕ್ಷೆಗಳ ಫಲಿತಾಂಶ ನೋಡಿ ಪ್ರಯೋಗಾಲಯದವರು ಎದ್ದು ನಿಂತರಂತೆ. ಅಂಥ ಕರುಳು ಇಡೀ ಮಹಾರಾಷ್ಟ್ರದಲ್ಲಿ ಇರಲಿಲ್ಲ. ಅವನೂ ಒಪ್ಪಿದ. ಒಪ್ಪದವಳು ರುಕ್ಮಿಣಿಬಾಯಿ. ವಾರ್ಡಿನ ಬಾಗಿಲಲ್ಲೇ ನಿಂತು, ನಂಜುಂಡನವರಿಗೆ ಕೇಳುವಂತೆ ಗಂಡನಿಗೆ ಅಂದಳು:

“ಏನ್ರಿ, ಆ ಮನುಷ್ಯಾನ ಹೊಟ್ಟ್ಯಾಗ ನಿಮ್ಮ ಹೇಲು ಹಾಕ್ತಾರಂತ. ಥೂ. ಅವರಿಗ ಹೇಸಿಗಿ ಅಂತ ನಾ ಹೇಳವಲ್ಲೆ. ನನಗ ಹೇಸಿಗಿ. ಹೇಲಾದ್ರೂ ನಮ್ಮದು ನಮ್ಮದಾ. ಅಂಥವರ ಒಳಗ ಹೋಗಿ ಇರಬೇಕೇನು ಅದು?”

“ಸುಮ್ಮನಿರು. ಸಾಯ್ಲಿಕ್ಕತ್ತಾರ ಅವರು,” ಅಂದ ಚಂದ್ರಾಮ.

ತಮ್ಮನ್ನು ಕಂಡು ಇನ್ನೊಬ್ಬರು ಮೂಗು ಮುರಿಯುವುದನ್ನು ನಂಜುಂಡ ಜನ್ಮದಲ್ಲಿ ಮೊದಲ ಸಲ ಕೇಳಿದರು.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಸಂಡಾಸಿನೊಳಗೆ ಚಂದ್ರಾಮ ಕೂತ. ಹೊರಗೆ ನರ್ಸ್ ನೇತ್ರಾ ಮುಚ್ಚಳದ ಡಬ್ಬಿಗಾಗಿ ಕಾದಳು. ತಾಜಾ ಇದ್ದಾಗಲೇ ಬೇಕು. ಒಳಗೆ ಹಾಲುಗಲ್ಲಿನ ನೆಲ, ನಿಂಬೆಯ ಘಮಘಮ, ದೇವಸ್ಥಾನದ ಗರ್ಭಗುಡಿಯಷ್ಟು ಮೌನ. ಏನೂ ಬರಲಿಲ್ಲ. ಬಿಸಿನೀರು ಕುಡಿಸಿದರು, ಪಪ್ಪಾಯಿ ತಿನ್ನಿಸಿದರು. ಮಾರನೆಯ ಬೆಳಿಗ್ಗೆಯೂ ಬರಲಿಲ್ಲ. ಇತ್ತ ನಂಜುಂಡನವರಿಗೆ ಜ್ವರ ಏರಿತು. ಇವತ್ತೇ ಆಗಬೇಕು ಅಂದ ಸುಹಾಸ.

“ಏನಾಗಿದೆಯೋ ನಿನಗೆ?” ಗಾಲಿಕುರ್ಚಿಯಲ್ಲಿ ಕೂತ ನಂಜುಂಡ ಬಾಗಿಲಿನತ್ತ ಕೂಗಿದರು.

“ಸಾಹೇಬ್ರ, ಇಲ್ಲಿ ಭಾಳ ಶಾಂತ ಅದ,” ಒಳಗಿನಿಂದ ಚಂದ್ರಾಮನ ದನಿ ನಾಚಿಕೊಂಡು ಬಂತು. “ಸ್ಟೇಷನ್ ಹತ್ರದ ಸಂಡಾಸದಾಗ ಹೊರಗ ನಿಂತವರು ಬಾಗಿಲಾ ಬಡದು ಬಡದು ಬೈತಾರ. ನೀವು ಕೀಲಿ ಹಾಕಿದಾಗಿಂದ ಅದಾ ರೂಢಿ ಆಗೇದ. ಯಾರೂ ಬೈಯಲಿಲ್ಲಂದ್ರ ಹೊಟ್ಟಿಗಿ ಗೊತ್ತಾ ಆಗಂಗಿಲ್ರಿ.”

ನೇತ್ರಾ ಬೆರಳ ಗಿಣ್ಣಿನಿಂದ ತಟ್ಟಿದಳು. ಸುಹಾಸ “ಭಾಯ್‌ಸಾಬ್, ಪ್ಲೀಸ್,” ಅಂದ.

“ಇಷ್ಟು ಮರ್ಯಾದಿಲೆ ಬಡದ್ರ ಬರಂಗಿಲ್ರಿ ಡಾಕ್ಟರ್ ಸಾಹೇಬ್ರ.”

ನಂಜುಂಡ ಕುರ್ಚಿಯಿಂದ ಎದ್ದರು. ಸಲೈನ್ ಬಾಟಲಿಯ ಕಂಬ ಒಂದು ಕೈಯಲ್ಲಿ. ಸಂಡಾಸಿನ ಬಾಗಿಲನ್ನು ಬರಿಗೈಯಲ್ಲಿ ಮುಟ್ಟಿದವರಲ್ಲ ಅವರು; ಮನೆಯಲ್ಲೂ ಕರವಸ್ತ್ರ ಬೇಕಿತ್ತು. ಈಗ ಅಂಗೈ ಪೂರ್ತಿ ಅಗಲಿಸಿ ಧಡಧಡ ಬಡಿದರು.

“ಏಯ್, ಎಷ್ಟು ಹೊತ್ತೋ? ಸತ್ತೋದ್ಯೇನೋ ಒಳಗೆ?”

“ಹಾಂ, ಹಿಂಗ. ಇನ್ನೊಂದೀಟು ಜೋರ್ ಬೈರಿ. ಗೇಟಿನಾಗ ಬೈತಿದ್ರಲ್ಲ, ಹಂಗ.”

ಅವರು ಬೈದರು. ಬೈಗುಳಕ್ಕೆ ಆಸ್ಪತ್ರೆಯ ಎಲ್ಲಾ ಮಹಡಿಗಳ ರೋಗಿಗಳೂ ಎದ್ದು ಕೂತರು, ಕೆಲವರು ವಾಸಿಯಾಗಿ ಮನೆಗೇ ಹೋದರಂತೆ. ಬಡಿಯುತ್ತ ಬಡಿಯುತ್ತ ಉಸಿರು ಸೋತಿತು, ಬೈಗುಳದೊಳಗೆ ಅಳು ಸೇರಿತು. “ಕೊಡೋ... ಚಂದ್ರಾಮ, ಕೊಡಪ್ಪ. ಸಾಯ್ತಾ ಇದೀನಿ ಕಣೋ.”

ಒಳಗೆ ಸದ್ದಾಯಿತು. ಹಿಂದೆಯೇ ವಾಸನೆ ಬಂತು, ಆ ಮೂಗಿಗೆ ನೇರವಾಗಿ. ಒಂದು ಕೈಯಲ್ಲಿ ಕಂಬ, ಇನ್ನೊಂದು ಬಾಗಿಲ ಮೇಲೆ. ಬಡಿಯುವುದನ್ನು ಬಿಟ್ಟರೆ ಎಲ್ಲಿ ನಿಂತುಹೋಗುತ್ತದೋ ಎಂದು ನಂಜುಂಡ ಮೂಗು ಮುಚ್ಚಿಕೊಳ್ಳಲಿಲ್ಲ. ಕಣ್ಣಲ್ಲಿ ನೀರು ಸುರಿಸುತ್ತ, ಅಷ್ಟನ್ನೂ ಎಳೆದುಕೊಳ್ಳುತ್ತ, ಬಡಿಯುತ್ತಲೇ ನಿಂತರು.

ಚಿಕಿತ್ಸೆ ಹಿಡಿಯಿತು. ಜ್ವರ ಇಳಿಯಿತು, ಭೇದಿ ಕಟ್ಟಿತು. ಮನೆಗೆ ಬಂದ ನಂಜುಂಡ ಮೈಯುಜ್ಜಿ ಉಜ್ಜಿ ಸ್ನಾನ ಮಾಡಿದರು, ಆದರೆ ಸೋಪು ಒಳಗೆ ಹೋಗುವುದಿಲ್ಲವಲ್ಲ. ಹೊಟ್ಟೆ ಗುಡುಗುಟ್ಟಿದಾಗಲೆಲ್ಲ ಚಂದ್ರಾಮ ಮಾತಾಡಿದಂತೆ ಬೆಚ್ಚಿಬೀಳುತ್ತಿದ್ದರು. ಕೊನೆಗೊಂದು ದಿನ ದಾರ ಕಟ್ಟಿ ಮೊಳೆಗೆ ತೂಗುಹಾಕಿದ್ದ ಬೀಗದ ಕೈ ತೆಗೆದುಕೊಂಡು ಹೊರಟರು.

ಗೇಟಿನ ಬಳಿ ರುಕ್ಮಿಣಿಬಾಯಿ ಒಬ್ಬಳೇ ಇದ್ದಳು. ನಂಜುಂಡ ಕೈ ಚಾಚಿದರು. “ತಗೋಮ್ಮ. ಸಂಡಾಸಿಂದು. ಇನ್ಮೇಲೆ ಇದು ನಿಮ್ಮ ಹತ್ರಾನೇ ಇರ್ಲಿ.”

ಅವಳು ಕೈ ನೀಡಲಿಲ್ಲ. “ಕೆಳಗ ಇಡ್ರಿ,” ಅಂದಳು.

ಅವರು ನೆಲದ ಮೇಲಿಟ್ಟು, ಹೇಳಿಸಿಕೊಳ್ಳದೆಯೇ ಹಿಂದೆ ಸರಿದರು. ಅವಳು ಸೆರಗನ್ನು ಮೂಗಿಗೆ ಹಿಡಿದು, ಬೀಗದ ಕೈಯ ದಾರದ ತುದಿಯನ್ನಷ್ಟೇ ಎರಡು ಬೆರಳಲ್ಲಿ ಎತ್ತಿ, ಅಂಗಳದ ನಲ್ಲಿಯ ಕೆಳಗೆ ಒಂದು ಸಲ ತೊಳೆದಳು. ಅವರ ಮುಖ ನೋಡಿ ಇನ್ನೊಂದು ಸಲ ತೊಳೆದಳು.