ಕಾರಿನ ಹಿಂದಿನ ಸೈಕಲ್ಲು

ಇಚಲಕರಂಜಿಯ ನಮ್ಮ ಮಗ್ಗದ ಶೆಡ್ಡಿನಲ್ಲಿ ಸೈಕಲ್ ನಿಲ್ಲಿಸಲಿಕ್ಕೆಂದೇ ಒಂದು ತಗಡಿನ ಚಪ್ಪರ ಇತ್ತು. ಹೋದ ವರ್ಷ ಮಾಲಕರು ಬಿಳಿ ಕಾರು ತಂದರು. ಕಾರಿಗೆ ಬಿಸಿಲು ತಾಗಬಾರದಂತೆ. ನಾವು ಹೆಂಗಸರು ಬಿಸಿಲಲ್ಲಿ ಬೆಂದು ಬಂದರೆ ನಡೆಯುತ್ತದೆ, ಕಾರು ಕಂದಬಾರದು. ಅಂದಿನಿಂದ ಚಪ್ಪರ ಕಾರಿನದಾಯಿತು, ನಮ್ಮ ಸೈಕಲ್ಲುಗಳು ಅದರ ಹಿಂದೆ ಗೋಡೆಗೆ ಒರಗಿದವು. ಗೇಟಿನ ಹೊರಗೆ ಬಿಟ್ಟರೆ ಕಳುವಿನ ಭಯ. ಸಂಜೆ ಕಾರು ಹೊರಟರೆ ಮಾತ್ರ ಸೈಕಲ್ಲಿಗೆ ದಾರಿ. ಹೊರಡದಿದ್ದರೆ ಗೇಟಿನ ಬಳಿ ನಿಂತು ಮಾಲಕರ ಕೋಣೆಯ ಬಾಗಿಲು ನೋಡುತ್ತಿರಬೇಕು.

ನನ್ನ ಹೆಸರು ಶಾಲನ. ಮಗ್ಗದ ಲಾಳಿಯೊಳಗೆ ಕೂರುವ ಕೋಲಿಗೆ ನಮ್ಮಲ್ಲಿ ಕಾಂಡಿ ಅನ್ನುತ್ತಾರೆ. ಅದಕ್ಕೆ ಮಷಿನಿನ ಮೇಲೆ ನೂಲು ಸುತ್ತುವುದು ಹೆಂಗಸರ ಕೆಲಸ. ಅದೇ ನನ್ನ ಕೆಲಸ. ಊರು ಪಂಚಗಂಗೆಯ ಆಚೆ, ಕುರುಂದವಾಡದ ಕಡೆ. ಮನೆಯಲ್ಲಿ ನಾನು, ನಮ್ಮ ಅತ್ತೆ, ಇಬ್ಬರೇ. ಮಳೆಗಾಲದಲ್ಲಿ ಬೆಳಗಿನ ಗಾಳಿ ಎದೆಗೇ ಬಡಿಯುತ್ತದೆ, ಪೆಡಲ್ ತುಳಿದಷ್ಟೂ ರಸ್ತೆ ಅಲ್ಲೇ ಇರುತ್ತದೆ. ಟೆಂಪೊದವರು ಕೆಸರು ಸಿಡಿಸಿ ಹಿಂದೆ ತಿರುಗಿಯೂ ನೋಡುವುದಿಲ್ಲ. ಬಣ್ಣದ ಕಾರಖಾನೆಗಳ ಗಟಾರದ ಹತ್ತಿರ ಮೂಗು ಮುಚ್ಚಿಕೊಂಡು ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿಯಬೇಕು. ಇದೆಲ್ಲ ಇದ್ದದ್ದೇ, ಇದಕ್ಕೆ ನಾನು ಯಾರ ಮೇಲೂ ಸಿಟ್ಟಾಗುವುದಿಲ್ಲ. ಬರುವಾಗ ಗಾಳಿ ಬೆನ್ನಿಗೆ ಬಂದು ತಾನೇ ತಳ್ಳುತ್ತದೆ, ಆ ಸುಖಕ್ಕೆ ಬೆಳಗಿನದನ್ನೆಲ್ಲ ಮರೆಯಬಹುದು.

ಆದರೆ ಬರುವಾಗ ಸೂರ್ಯನೂ ಬೆನ್ನಿಗೇ ಇರುತ್ತಾನೆ. ನನ್ನ ನೆರಳು ಗಾಲಿಯ ಮುಂದೆ ಉದ್ದಕ್ಕೆ ಓಡುತ್ತಿರುತ್ತದೆ. ಆ ನೆರಳು ಮಾಸಿತೆಂದರೆ ನನಗೆ ಊಟವಿಲ್ಲ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವುದಿಲ್ಲ. ಮರುದಿನ ಬೆಳಗಿನ ತನಕ ಹಸಿವೇ ಗತಿ. ನಮ್ಮ ಪಾಳಿ ಹೊತ್ತಿರುವಾಗಲೇ ಮುಗಿಯುತ್ತದೆ. ಸೀದಾ ಹೊರಟರೆ ಆರಾಮವಾಗಿ ಮನೆ ಮುಟ್ಟಿ, ಕೈಕಾಲು ತೊಳೆದು, ಅತ್ತೆಯ ಎದುರು ಕೂತು ಉಣ್ಣಬಹುದು. ಸೀದಾ ಹೊರಡಲಿಕ್ಕೆ ಕಾರು ಬಿಡಬೇಕಲ್ಲ.

ಇದು ತಿಳಿಯದವರು ಮಾಡಿದ ಅನ್ಯಾಯವೂ ಅಲ್ಲ. ಮಾಲಕರು ಅಭಯಕುಮಾರ ಅಣ್ಣ ನಮ್ಮೂರಿನವರೇ, ನಮ್ಮ ಬಸದಿಯ ಟ್ರಸ್ಟಿ. ರಾತ್ರಿ ಉಣ್ಣಬಾರದು ಅಂತ ಊರಿನ ಮಕ್ಕಳಿಗೆ ಪಾಠ ಹೇಳುವವರು. ಅವರ ಸಂಜೆಯ ಊಟ ಹೊತ್ತಿರುವಾಗಲೇ ಕೋಣೆಗೆ ಬರುತ್ತಿತ್ತು. ಒಮ್ಮೆ ಅವರ ಕೋಣೆಗೇ ಹೋಗಿ ಕೇಳಿದೆ.

"ಅಣ್ಣಾರ, ಕಾರ ಒಂದೀಟ ಆ ಕಡೆ ನಿಲ್ಲಸ್ರಿ. ನಮ್ಮ ಸೈಕಲ್ ಹೊರಗ ಬರಾಕ ದಾರಿ ಆಗತೈತಿ."

"ಬಿಸಲಾಗ ರಂಗ ಹೋಗತೈತಿ ಶಾಲನಾ. ಒಂದೀಟ ತಡಾ ಆದ್ರ ಏನಾತು?"

"ಹೊತ್ತ ಮುಳಗತೈತ್ರಿ."

"ಹೊತ್ತೇನ ನಾ ಮುಳಗಸ್ತೇನೇನು?" ಅಂದು ನಕ್ಕರು. ಎದುರು ಕೂತಿದ್ದ ನೂಲಿನ ವ್ಯಾಪಾರಿಯೂ ನಕ್ಕ. ನಾನು ನಗಲಿಲ್ಲ.

ನನ್ನ ಪಕ್ಕದ ಮಷಿನಿನ ಯಮುನವ್ವ ಒಮ್ಮೆ ಸಿಟ್ಟಿಗೆದ್ದು ಕಾರಿನ ಸಂದಿಯಿಂದ ಸೈಕಲ್ ಎತ್ತಿ ತರಲು ನೋಡಿದಳು. ಗೇಟು ಕಾಯುವ ಹಾಲಸಿದ್ದ ಮಾಮಾ ಸೀಟಿ ಊದುತ್ತ ಓಡಿ ಬಂದ. ಕಾರಿಗೆ ಗೀರು ಬಿದ್ದರೆ ತನ್ನ ನೌಕರಿ ಹೋಗುತ್ತದೆ ಅಂತ ಅವನ ಗೋಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮ್ಮಲ್ಲಿ ದೇವರೂ ಕೊಡಲಿಲ್ಲ, ಪೂಜಾರಿಯೂ ಕೊಡಲಿಲ್ಲ.

ಕಡೆಗೆ ನಾನೇ ಒಂದು ದಾರಿ ಮಾಡಿಕೊಂಡೆ. ಬೆಳಿಗ್ಗೆಯೇ ಸಂಜೆಯ ಡಬ್ಬಿಯನ್ನೂ ಕಟ್ಟಿಕೊಂಡು ಹೋಗುವುದು. ತಡವಾದ ದಿನ ಹೊಳೆಯ ಸೇತುವೆಯ ಕಟ್ಟೆಗೆ ಸೈಕಲ್ ಒರಗಿಸಿ, ನಿಂತೇ ಉಣ್ಣುವುದು. ಲಾರಿಯ ಧೂಳು ಜೋಳದ ಭಾಕ್ರಿಯ ಮೇಲೆ ಬೀಳುತ್ತಿತ್ತು. ಬೈಕಿನ ಮೇಲೆ ಹೋಗುವ ಹುಡುಗರು ಹಾರ್ನ್ ಬಾರಿಸಿ ನಗುತ್ತಿದ್ದರು. ಮನೆಯಲ್ಲಿ ಅತ್ತೆ ನನಗಾಗಿ ತಾಟು ಇಟ್ಟುಕೊಂಡು ಕಾದು, ಕಾದು, ಕಡೆಗೆ ಒಬ್ಬರೇ ಎರಡು ತುತ್ತು ಉಂಡು ಏಳುತ್ತಿದ್ದರು. ದುಡಿಯುವ ಹೆಂಗಸು, ಸ್ವಂತ ಮನೆ ಇದ್ದೂ ಬೀದಿಯಲ್ಲಿ ನಿಂತು ಉಣ್ಣಬೇಕೆಂದರೆ ಮೈಯೆಲ್ಲ ಉರಿಯುತ್ತದೆ. ಯಾರದೋ ಕಾರಿನ ಬಣ್ಣಕ್ಕಾಗಿ.

ಭಾದ್ರಪದ ಬಂತು. ನಮ್ಮ ದಶಲಕ್ಷಣ ಪರ್ವದ ಹತ್ತು ದಿನ ಮಾಲಕರದು ಒಂದೇ ಹೊತ್ತಿನ ವ್ರತ. ಬೆಳಿಗ್ಗೆ ಬಸದಿಯಲ್ಲಿ ಅಭಿಷೇಕ ಮುಗಿಸಿ ಶೆಡ್ಡಿಗೆ ಬರುವರು, ಇಡೀ ದಿನ ಹನಿ ನೀರೂ ಇಲ್ಲ, ಸಂಜೆ ಹೊತ್ತು ಮುಳುಗುವ ಮುನ್ನ ಮನೆಯಲ್ಲಿ ಒಮ್ಮೆ ಊಟ, ಅದರ ಜೊತೆಗೇ ನೀರು. ಹೀಗಾಗಿ ನಮ್ಮ ಪಾಳಿ ಮುಗಿಯುವ ಮೊದಲೇ ಕಾರು ಹೊರಟಿರುತ್ತಿತ್ತು. ವರ್ಷವಿಡೀ ನಮಗಷ್ಟೇ ಮುಳುಗುವ ಸೂರ್ಯ ಆ ಹತ್ತು ದಿನ ಅವರಿಗೂ ಮುಳುಗುತ್ತಿದ್ದ. ಸಂಜೆಯ ಡಬ್ಬಿಯನ್ನು ರೂಢಿಯಂತೆ ಕಟ್ಟಿಕೊಂಡು ಹೋದರೂ ನಾನು ಮನೆಗೇ ಬಂದು ಉಣ್ಣತೊಡಗಿದೆ. ಅತ್ತೆ ಮಾಲಕರ ವ್ರತಕ್ಕೆ ಕೈ ಮುಗಿದರು.

ಆ ಹತ್ತು ದಿನದ ನಡುವೆಯೇ ಗೌರಿ-ಗಣಪತಿ ಕಳಿಸುವ ದಿನ ಬಂತು. ಮನೆಮನೆಯ ಗಣಪತಿಗಳೆಲ್ಲ ಹೊಳೆಗೆ ಹೊರಟಿದ್ದವು. ಮಗ್ಗಗಳು ಮಧ್ಯಾಹ್ನಕ್ಕೇ ನಿಂತರೂ ಕಾಂಡಿಯವರಿಗೆ ರಜೆ ಇರಲಿಲ್ಲ, ನಾಳೆಗೆ ತುಂಬಿ ಇಡಬೇಕಿತ್ತು. ಮಾಲಕರ ಕಾರು ಎಂದಿನಂತೆ ಮುಂದೆ ಹೋಯಿತು, ಪಾಳಿ ಮುಗಿಸಿ ನಾನು ಹೊರಟೆ. ಸೇತುವೆಯ ಹತ್ತಿರ ಜನವೋ ಜನ. ತಲೆಯ ಮೇಲೆ ಗಣಪತಿ ಹೊತ್ತವರು, ಟ್ರ್ಯಾಕ್ಟರು, ತಾಳ, "ಮೋರಯಾ" ಅನ್ನುವ ಕೂಗು. ಪೊಲೀಸರು ದೊಡ್ಡ ಗಾಡಿಗಳನ್ನು ತಡೆದಿದ್ದರು. ನಾನು ಸೈಕಲ್ ಇಳಿದು, "ಜರಾ ಬಾಜೂಲಾ ವ್ಹಾ", ಸ್ವಲ್ಪ ಬದಿಗೆ ಸರಿಯಿರಿ, ಅನ್ನುತ್ತ ಜನರ ನಡುವೆ ತಳ್ಳಿಕೊಂಡು ನಡೆದೆ. ನೆರಳು ಇನ್ನೂ ಗಟ್ಟಿಯಾಗಿತ್ತು. ಸೇತುವೆ ದಾಟಿದರೆ ಮನೆ ಮುಟ್ಟುತ್ತೇನೆ ಅನ್ನುವ ಧೈರ್ಯ ಇತ್ತು.

"ಶಾಲನಾ, ಏ ಶಾಲನಾ."

ಬಿಳಿ ಕಾರು. ಮುಂದೆ ಟ್ರ್ಯಾಕ್ಟರು, ಹಿಂದೆ ಟೆಂಪೊ, ನಡುವೆ ನಮ್ಮ ಮಾಲಕರು. ತುಟಿ ಒಣಗಿ ಬಿಳಿಯಾಗಿತ್ತು.

"ಹೊತ್ತ ಮುಳಗಾಕ ಬಂತು. ಸೈಕಲ್ ಕೊಡು, ನಾ ಮನೀಗೆ ಹೋಗ್ತೇನಿ. ನೀ ಇಲ್ಲೇ ಕಾರ ಕಾಯ್ಕೋಂತ ನಿಂದ್ರು."

ಮಾತು ಕೇಳಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದು ವರ್ಷ ಸೈಕಲ್ಲನ್ನು ಕಾರು ಕಾಯಿಸಿತ್ತು. ಈಗ ಸೈಕಲ್ ಅವರಿಗೆ, ಕಾರು ಕಾಯುವ ಕೆಲಸ ನನಗೆ.

"ಸೈಕಲ್ ಕೊಡೂದಿಲ್ರಿ ಅಣ್ಣಾರ," ಅಂದೆ. ಅಂದ ಮೇಲೆ ಆ ಒಣಗಿದ ತುಟಿ ಕಂಡಿತು. ಹಸಿದವರ ಮುಂದೆ ಅನ್ನ ಬಚ್ಚಿಟ್ಟುಕೊಂಡು ಹೋಗುವುದು ನನ್ನಿಂದ ಆಗಲಿಲ್ಲ. "ಡಬ್ಬ್ಯಾಗ ಭಾಕ್ರಿ ಐತಿ, ಕಾಸಿ ಸೋಸಿದ ನೀರ ಐತಿ. ಇಲ್ಲೇ ಉಣ್ರಿ."

ಅವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು. "ಉಳ್ಳಾಗಡ್ಡಿ ಹಾಕಿಲ್ಲಲಾ?"

"ನಾನೂ ನಿಮ್ಮ ಬಸದಿಗೇ ಬರಾಕಿ ಅದೀನ್ರಿ."

ಸೇತುವೆಯ ಕಟ್ಟೆಯ ಮೇಲೆ, ನಾನು ನಿಂತು ಉಣ್ಣುವ ಜಾಗದಲ್ಲೇ, ಅವರು ಕೈ ತೊಳೆದು ಕೂತರು. ಎರಡು ಭಾಕ್ರಿ ಇದ್ದವು, ಹೆಸರುಕಾಳಿನ ಪಲ್ಯ ಇತ್ತು. ಒಂದು ಉಂಡು ಒಂದು ಬಿಡುತ್ತಾರೆ ಅಂದುಕೊಂಡೆ. ಒಂದು ಹೊತ್ತಿನ ವ್ರತದವರು ನಡುವೆ ಎದ್ದರೆ ಊಟ ಮುಗಿಯಿತು. ಅವರನ್ನು ಅರ್ಧಕ್ಕೆ ಬಿಟ್ಟು ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ನೀರಿನ ಬಾಟಲಿ ಹಿಡಿದು ನಿಂತೆ. ಅವರು ಅವಸರವಿಲ್ಲದೆ ಅಗಿದರು. ಎರಡನೆಯ ಭಾಕ್ರಿಯನ್ನೂ ಮುರಿದರು. ಬಾಟಲಿಯ ನೀರೆಲ್ಲ ಕುಡಿದರು. ನಿನ್ನ ಊಟ ಆಯಿತೇನು ಅಂತ ಒಂದು ಮಾತು ಕೇಳಲಿಲ್ಲ. ಅವರು ಕೈ ಒರಸಿಕೊಂಡು ಏಳುವ ಹೊತ್ತಿಗೆ ರಸ್ತೆಯ ಮೇಲೆ ನನ್ನ ನೆರಳು ಇರಲಿಲ್ಲ.

"ಬರೋಬ್ಬರಿ ವ್ಯಾಳ್ಯಾಕ್ಕ ಸಿಕ್ಕಿ ನೋಡು," ಅಂದು ಡಬ್ಬಿ ನನ್ನ ಕೈಗೆ ಕೊಟ್ಟು ಕಾರಿನಲ್ಲಿ ಕೂತರು. ಖಾಲಿ ಡಬ್ಬಿ ಕ್ಯಾರಿಯರಿನ ಮೇಲೆ ಮನೆಯ ತನಕ ಕುಣಿಯಿತು. ಅತ್ತೆ ಒಲೆಯ ಮುಂದಿನ ತಾಟು ಎತ್ತಿಟ್ಟರು. ಹಸಿವಿಗಿಂತ ಸಿಟ್ಟಿಗೇ ನಿದ್ದೆ ಬರಲಿಲ್ಲ.

ಪರ್ವ ಮುಗಿದು ಕ್ಷಮಾವಣಿ ಬಂತು. ಆ ದಿನ ನಾವೆಲ್ಲ ಬಸದಿಯಲ್ಲಿ ಸೇರಿ, ಒಬ್ಬರಿಗೊಬ್ಬರು ಕೈ ಮುಗಿದು, ವರ್ಷದ ತಪ್ಪಿಗೆಲ್ಲ ಕ್ಷಮೆ ಕೇಳುತ್ತೇವೆ. ಕೇಳಿದವರಿಗೆ ಇಲ್ಲ ಅನ್ನುವ ರೂಢಿಯೇ ಇಲ್ಲ. ಮೊದಲು ವ್ರತ ಮಾಡಿದವರ ಸತ್ಕಾರ. ಮಾಲಕರು ಶಾಲು ಹೊದ್ದು ಮಾತಾಡಿದರು.

"ಸೇತುವೆ ಮ್ಯಾಲ ಆ ಗದ್ಲದಾಗ ನನ್ನ ವ್ರತಾ ಮುರೀತು ಅಂದಕೊಂಡಿದ್ದೆ. ಭಗವಂತ ಕೈ ಬಿಡಲಿಲ್ಲ. ಎಲ್ಲಿಂದೋ ಶುದ್ಧ ಅನ್ನ ಬಂತು."

ಜನ ಚಪ್ಪಾಳೆ ತಟ್ಟಿದರು. ಎಲ್ಲಿಂದೋ ಅಂತೆ. ನಮ್ಮ ಅತ್ತೆಯ ಒಲೆಗೆ ಎಲ್ಲಿಂದೋ ಅಂತ ಹೆಸರು. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಅಂತ ಸುಮ್ಮನೆ ಗಾದೆ ಮಾಡಿದ್ದಾರೆಯೇ? ಏಳಲು ಹೋದ ನನ್ನನ್ನು ಪಕ್ಕದಲ್ಲಿದ್ದ ಅತ್ತೆ ಸೆರಗು ಹಿಡಿದು ಕೂಡಿಸಿದರು.

ಆಮೇಲೆ ಎಲ್ಲರೂ ಎದ್ದು ಕ್ಷಮೆ ಕೇಳತೊಡಗಿದರು. ಮಾಲಕರು ಹೆಂಡತಿ ಹರ್ಷದಾ ಅವರ ಜೊತೆ ಸಾಲಾಗಿ ಕೈ ಮುಗಿಯುತ್ತ ನನ್ನ ಮುಂದೆ ಬಂದರು. "ಉತ್ತಮ ಕ್ಷಮಾ. ತಿಳದೋ ತಿಳೀಲಾರ್ದನೋ ತಪ್ಪ ಮಾಡಿದ್ರ ಕ್ಷಮಾ ಮಾಡವಾ," ಅನ್ನುತ್ತಲೇ ಅವರ ಕಣ್ಣು ಪಕ್ಕದವರ ಮೇಲೆ ಹೋಗಿತ್ತು.

"ತಿಳೀಲಾರ್ದ ಮಾಡಿದ್ದಕ್ಕ ಕ್ಷಮಾ ಐತ್ರಿ ಅಣ್ಣಾರ," ಅಂದೆ. "ತಿಳದ ಮಾಡಿದ್ದಕ್ಕ ಇಲ್ಲ."

ಮುಂದೆ ಹೊರಟಿದ್ದ ಮಾಲಕರು ತಿರುಗಿದರು. "ನಾ ಏನ ಮಾಡೇನಿ?"

"ಸೇತುವೆ ಮ್ಯಾಲ ನೀವು ಉಂಡಿದ್ದು ನನ್ನ ಭಾಕ್ರಿ. ಅವತ್ತ ನಾ ಉಪಾಸ ಮಲಗೇನಿ. ಅದನ್ನ ಬಿಡ್ತೇನಿ, ಹಸದವರಿಗೆ ಕೊಟ್ಟಿದ್ದು. ಆದ್ರ ಒಂದ ವರ್ಷದಿಂದ ನಮ್ಮ ಸೈಕಲ್ ಮುಂದ ಕಾರ ನಿಲ್ಲಸೀರಿ. ನಾ ಬೀದ್ಯಾಗ ನಿಂತ ಉಂಡೇನಿ. ನಾಳೆನೂ ನೀವು ಅಲ್ಲೇ ನಿಲ್ಲಸಾವರು. ನಾಳೆ ಮಾಡೂ ತಪ್ಪಿಗೆ ಇವತ್ತ ಹೆಂಗ ಕ್ಷಮಾ ಮಾಡ್ಲಿ?"

ಹರ್ಷದಾ ಗಂಡನ ಮುಖ ನೋಡಿದರು. "ಗುರ್ತಿನವರ ಮನ್ಯಾಗ ಉಂಡ ಬಂದೆ ಅಂದಿದ್ರಲ್ಲಾ?"

ಮಾಲಕರು ಮುಗಿದ ಕೈ ಇಳಿಸಬೇಕೋ ಬೇಡವೋ ತಿಳಿಯದೆ ಹಾಗೇ ನಿಂತಿದ್ದರು. ನಾನು ಅತ್ತೆಯ ಕೈ ಹಿಡಿದು ಹೊರಗೆ ಬಂದೆ. ನೌಕರಿ ಹೋದರೆ ಮುಂದೇನು ಅನ್ನುವ ಹೆದರಿಕೆ ಹೊರಗೆ ಬಂದ ಮೇಲೆ ಬಂತು.

ಹೆದರಿಕೆಗಿಂತ ಸಿಟ್ಟು ಹೆಚ್ಚಿತ್ತು. ಮರುದಿನ ಬೇಗನೆ ಹೋಗಿ ನನ್ನ ಸೈಕಲ್ಲನ್ನು ಚಪ್ಪರದ ನಟ್ಟನಡುವೆ ನಿಲ್ಲಿಸಿದೆ.

"ಅಕ್ಕಾರ, ಅದು ಮಾಲಕರ ಜಾಗಾ," ಅಂತ ಹಾಲಸಿದ್ದ ಮಾಮಾ ಓಡಿ ಬಂದ.

"ಮಾಲಕರು ತಗೀ ಅಂದ್ರ ತಗೀತೇನಿ ಮಾಮಾ. ನೀವ ಯಾಕ ಬೈಸ್ಕೋತೀರಿ, ಸುಮ್ಮ ಗೇಟ ಕಾಯ್ರಿ."

ಯಮುನವ್ವ ಬಂದಳು, ತನ್ನ ಸೈಕಲ್ಲನ್ನು ನನ್ನದರ ಪಕ್ಕಕ್ಕೆ ನಿಲ್ಲಿಸಿದಳು. ಉಳಿದವರೂ ಹಾಗೇ ಮಾಡಿದರು. ಕಾರು ಬಂತು, ಒಮ್ಮೆ ಹಾರ್ನ್ ಆಯಿತು. ನಾವೆಲ್ಲ ಮಷಿನು ಬಿಟ್ಟು ಬಾಗಿಲಲ್ಲಿ ನಿಂತೆವು. ಮಾಲಕರು ಗಾಜು ಇಳಿಸಿ ನನ್ನನ್ನೇ ನೋಡಿದರು. ನಾನೂ ನೋಡಿದೆ. ಗಾಜು ಏರಿತು. ಕಾರು ಹಿಂದಕ್ಕೆ ಸರಿದು ಗೇಟಿನ ಆಚೆ, ಬಿಸಿಲಲ್ಲಿ ನಿಂತಿತು. ಮಧ್ಯಾಹ್ನ ಹೋಗಿ ನೋಡಿ ಬಂದೆ. ರಂಗು ಏನೂ ಹೋಗಿರಲಿಲ್ಲ.

ಆ ಸಂಜೆ ನೆರಳು ಗಾಲಿಯ ಮುಂದೆ ಇರುವಾಗಲೇ ಮನೆ ಮುಟ್ಟಿದೆ. ಅತ್ತೆ ತಾಟು ಇಟ್ಟು, ಭಾಕ್ರಿ ಹಾಕಿ, ಎದುರು ಕೂತರು.

"ಕಾರ ಸರಸ್ಯಾರಲ್ಲ. ಇನ್ನರ ಕ್ಷಮಾ ಮಾಡಿಬಿಡವಾ," ಅಂದರು.

"ಒಂದ ದಿನಾ ಸರಸ್ಯಾರ, ಅತ್ತಿ. ಮುಂದಿನ ಕ್ಷಮಾವಣಿ ಮಟಾ ಎಲ್ಲಿ ನಿಲ್ಲಸ್ತಾರ ನೋಡ್ತೇನಿ. ಆಮ್ಯಾಲ ಹೇಳ್ತೇನಿ."

ನಾನು ಎರಡನೆಯ ಭಾಕ್ರಿ ಕೇಳಿ ಹಾಕಿಸಿಕೊಂಡೆ.