ಅಡುಗೆಮನೆಯ ಮೊಳೆ

"ಕಚ್ಚಿಬಿಟ್ಟ ಅತ್ತಿಗೆ, ಕಚ್ಚೇಬಿಟ್ಟ!"

ಮೈದುನ ಬಲಗೈಯನ್ನು ಎಡಗೈಯಲ್ಲಿ ಅವುಚಿಕೊಂಡು ಲಾಯದಿಂದ ಹೊರಗೆ ಓಡಿ ಬಂದಾಗ ಅವಳು ಅಂಗಳದಲ್ಲಿ ಕೂತು ಹಾಲಿನ ಕ್ಯಾನುಗಳನ್ನು ತೊಳೆಯುತ್ತಿದ್ದಳು. ತೊಳೆಯಬೇಕಾದ ಕಾರಣವೇನೂ ಇರಲಿಲ್ಲ. ಗಂಡ ತೀರಿಹೋದ ದಿನದಿಂದ ಮನೆಮನೆಗೆ ಹಾಲು ಹಾಕುವ ಗಾಡಿ ಹೊರಟಿರಲಿಲ್ಲ, ಕ್ಯಾನುಗಳಿಗೆ ಹಾಲು ಬಿದ್ದಿರಲಿಲ್ಲ. ಆದರೂ ಬೆಳಗಾದರೆ ಅವನ್ನು ಉಜ್ಜಿ, ಗಲಬರಿಸಿ, ಗೋಡೆಗೆ ಬೋರಲು ಹಾಕುವುದು ಕೈಗೆ ಅಂಟಿದ ಅಭ್ಯಾಸ. ಕೈ ತನ್ನ ಪಾಡಿಗೆ ತಾನು ಮಾಡಿಕೊಂಡು ಹೋಗುತ್ತಿತ್ತು.

"ರಕ್ತ ಬರ್ತಿದೆ" ಎಂದಳು, ಬಿಸಿಲು ಬರುತ್ತಿದೆ ಎನ್ನುವ ಹಾಗೆ.

"ಬರದೆ ಇನ್ನೇನು! ಹಿಂದಿನ ಜನ್ಮದ ಹಗೆ ತೀರಿಸ್ಕೊಳ್ಳೋ ಹಾಗೆ ಹಲ್ಲು ಊರಿದಾನೆ ನಿಮ್ಮ ದೊರೆ."

ಹೊಸಿಲ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತಿದರು. "ಅದರ ಬಾಯಿಗೆ ಕೈ ಹಾಕಿದೋನು ನೀನು. ಅದೇನು ನಿನ್ನ ಬಾಯಿಗೆ ಕಾಲು ಹಾಕಿತ್ತಾ? ಬಾ ಇಲ್ಲಿ, ಬಟ್ಟೆ ಕಟ್ತೀನಿ."

ದೊರೆ ಎಂದರೆ ಕುದುರೆ. ಗಂಡ ಇಟ್ಟ ಹೆಸರು. ಬೂದು ಬಣ್ಣದ, ವಯಸ್ಸಾಗುತ್ತ ಬಂದಿದ್ದ ಗಂಡು ಕುದುರೆ. ಗಾಡಿ ಎಳೆಯುವಾಗಲೂ ತಾನೇ ಗಾಡಿಯಲ್ಲಿ ಕೂತಂತೆ ಕತ್ತು ನೆಟ್ಟಗೆ ಮಾಡಿಕೊಂಡು ಹೋಗುತ್ತಿತ್ತು. ಆ ಗತ್ತಿಗೇ ಹೆಸರು. ಮೊದಲಿನಿಂದಲೂ ಅದು ಒಬ್ಬನ ಕುದುರೆ. ಬೇರೆಯವರು ಹತ್ತಿರ ಹೋದರೆ ಕಿವಿ ಹಿಂದಕ್ಕೆ ಒರಗಿಸುತ್ತಿತ್ತು. ಈಗ ಆ ಒಬ್ಬನಿಲ್ಲ. ಕಡಿವಾಣ ಕಂಡರೆ ಸಾಕು, ಹಲ್ಲು ಕಿರಿದು ಗೋಡೆಗೆ ಒದೆಯುತ್ತಿತ್ತು.

ಬಟ್ಟೆ ಕಟ್ಟಿಸಿಕೊಂಡ ಮೈದುನ ಅವಳ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ. ಅವನದು ಅಚ್ಚುಕೂಟದಲ್ಲಿ ಕೆಲಸ. ಅಣ್ಣ ಹೋದ ಮೇಲೆ ರಜೆ ಹಾಕಿ ಬಂದವನು, ಅಕ್ಷರ ಜೋಡಿಸಿದಷ್ಟು ಸಲೀಸಾಗಿ ಕುದುರೆ ಹೂಡಬಹುದು ಎಂದುಕೊಂಡಿದ್ದ. ಕಿವಿ ತಿರುಚಿ ನೋಡಿದ. ಮೇಲ್ದುಟಿಗೆ ಹಗ್ಗ ಬಿಗಿದು ನೋಡಿದ. ಒಂದೊಂದು ಉಪಾಯಕ್ಕೂ ಒಂದೊಂದು ಗಾಯವಾಗಿತ್ತು.

"ಡೇರಿಯವರು ಈ ವಾರ ಕಾಯ್ತೀವಿ ಅಂದಿದಾರೆ. ಆಮೇಲೆ ನಮ್ಮ ಬೀದಿಗಳನ್ನ ವ್ಯಾನಿನವರಿಗೆ ಕೊಟ್ಟುಬಿಡ್ತಾರಂತೆ" ಎಂದ. ಕೈಗೆ ಕಟ್ಟಿದ ಬಟ್ಟೆಯ ಗಂಟು ಬಿಗಿದುಕೊಳ್ಳುತ್ತ, "ಅತ್ತಿಗೆ, ಬೈಬೇಡಿ. ದಲ್ಲಾಳಿಗೆ ಹೇಳಿ ಕಳಿಸಿದೀನಿ. ನಾಡಿದ್ದು ಬೆಳಿಗ್ಗೆ ಬರ್ತಾನೆ" ಎಂದ.

"ಯಾರಿಗೆ ಕೊಡ್ತಾನಂತೆ?"

"ಇಷ್ಟು ವಯಸ್ಸಾದ, ಕಚ್ಚೋ ಕುದುರೆನ ಸಾಕೋರು ಯಾರು ಕೊಳ್ತಾರೆ ಅತ್ತಿಗೆ?"

ಕಟುಕರಿಗೆ ಎಂದು ಅವಳಿಗೆ ಅರ್ಥವಾಯಿತು. ಅರ್ಥವಾದದ್ದು ಎಲ್ಲಿಗೋ ಇಳಿದು ನೋಯಿಸಬೇಕಿತ್ತು, ಇಳಿಯಲಿಲ್ಲ. "ಆಗಲಿ" ಎಂದು ಇನ್ನೊಂದು ಕ್ಯಾನು ಎಳೆದುಕೊಂಡಳು.

ಗಂಡ ಹೋದ ದಿನ ಗಾಡಿ ಎಂದಿನ ಹೊತ್ತಿಗೇ ಮನೆಗೆ ಬಂದಿತ್ತು. ಗೊರಸಿನ ಸಪ್ಪಳ ಕೇಳಿ ಅವಳು ಒಲೆಯ ಮೇಲೆ ನೀರಿಟ್ಟಿದ್ದಳು. ನೀರು ಕುದಿದು ಬತ್ತುತ್ತ ಬಂದರೂ ಗಂಡ ಒಳಗೆ ಬರಲಿಲ್ಲ. ಹೊರಗೆ ಬಂದು ನೋಡಿದರೆ ಲಗಾಮು ತೊಡೆಯ ಮೇಲಿತ್ತು, ಗಲ್ಲ ಎದೆಗೆ ಒರಗಿತ್ತು. ಕುದುರೆ ಬಾಗಿಲಿಗೆ ಸರಿಯಾಗಿ ನಿಂತಿತ್ತು. ಎದೆ ನಿಂತುಹೋಗಿದೆ, ಹೋಗಿ ಬಹಳ ಹೊತ್ತಾಗಿದೆ ಎಂದರು ವೈದ್ಯರು. ಆಮೇಲೆ ಒಬ್ಬೊಬ್ಬರೇ ಬಂದು ಹೇಳಿದರು: ಕುದುರೆ ಯಾವ ಬಾಗಿಲನ್ನೂ ಬಿಡದೆ ಎಲ್ಲ ಕಡೆಯೂ ನಿಂತು ಬಂದಿತ್ತಂತೆ.

"ತೂಕಡಿಸ್ತಿದಾರೆ, ಎಬ್ಬಿಸೋದ್ಯಾಕೆ ಅಂತ ನಾನೇ ಅಳೆದುಕೊಂಡೆ ಕಣಮ್ಮ" ಎಂದು ದರ್ಜಿಯ ಹೆಂಡತಿ ಸೆರಗಿನಲ್ಲಿ ಮೂಗು ಒರೆಸಿಕೊಂಡಿದ್ದಳು. "ದೇವರಾಣೆ, ಒಂದು ತೊಟ್ಟೂ ಹೆಚ್ಚಿಗೆ ತಗೊಳ್ಳಲಿಲ್ಲ."

ಯಾವ ಬೀದಿಯವರೆಗೆ ಅವನು ಇದ್ದ, ಯಾವ ಬೀದಿಯಿಂದ ಇರಲಿಲ್ಲ ಎಂಬುದು ಯಾರಿಗೂ ತಿಳಿಯಲಿಲ್ಲ.

ಬಂದವರೆಲ್ಲ ಅತ್ತರು. ಅವಳು ಅವರಿಗೆ ಕುಡಿಯಲು ನೀರು ಕೊಟ್ಟಳು. ಮಣ್ಣು ಮಾಡಿ ಬಂದ ಮಾರನೆಯ ದಿನವೇ ಮನೆಯನ್ನೆಲ್ಲ ತೊಳೆದಳು. ಒಲೆಯ ಪಕ್ಕದ ಮೊಳೆಯಲ್ಲಿ, ಸೌಟಿನ ಜೊತೆಗೇ ನೇತಾಡುತ್ತಿದ್ದ ಕಡಿವಾಣವನ್ನು ತೆಗೆದು ಲಾಯದ ಗೂಟಕ್ಕೆ ಹಾಕಿ ಬಂದಳು. ಮದುವೆಯಾದಾಗಿನಿಂದ ಅದಕ್ಕಾಗಿ ಜಗಳ. "ಕುದುರೆ ಎಂಜಲಿನ ಕಬ್ಬಿಣ ಅಡುಗೆಮನೇಲಿ ಯಾಕ್ರೀ?" ಎಂದರೆ ಅವನು, "ದೊರೆಗೆ ನಿನ್ನ ಒಗ್ಗರಣೆ ವಾಸನೆ ಬೇಕಂತೆ ಕಣೇ. ನನಗೆ ಬೇಡದಿದ್ರೂ ಅವನಿಗೆ ಬೇಕಂತೆ" ಎಂದು ನಗುತ್ತಿದ್ದ. ಸೋಮಾರಿತನ, ಲಾಯದವರೆಗೆ ಹೋಗಿ ತೂಗು ಹಾಕಲು ಮೈಗಳ್ಳತನ, ಎಂದು ಅವಳೂ ಅತ್ತೆಯೂ ತೀರ್ಮಾನಿಸಿದ್ದರು. ಆ ಮನೆಗೆ ಕುದುರೆ ಬಂದದ್ದೇ ಅವನಿಂದ. ಮಾವ ಗಾರೆ ಕೆಲಸದವರು. ಕುದುರೆಯ ವಿಷಯ ಅತ್ತೆಗೂ ಅಷ್ಟಕ್ಕಷ್ಟೆ.

ಅಂದಿನಿಂದ ಅವಳ ಮೈಯೊಳಗೆ ಎಲ್ಲೋ ಮರಗಟ್ಟಿತ್ತು. ಬಿಸಿ ಪಾತ್ರೆಯನ್ನು ಬಟ್ಟೆಯಿಲ್ಲದೆ ಎತ್ತುತ್ತಿದ್ದಳು. ಬೊಬ್ಬೆ ಎದ್ದಾಗ ಯಾರದೋ ಬೆರಳು ನೋಡುವಂತೆ ನೋಡುತ್ತಿದ್ದಳು. ಉಪ್ಪು ಎರಡು ಸಲ ಬೀಳುತ್ತಿತ್ತು, ಇಲ್ಲವೆ ಬೀಳುತ್ತಲೇ ಇರಲಿಲ್ಲ. ದೇವರ ಮುಂದೆ ನಿಂತರೆ ಕೇಳಿಕೊಳ್ಳಲು ಏನೂ ಹೊಳೆಯುತ್ತಿರಲಿಲ್ಲ. ಕೈ ಮಾತ್ರ ಮುಗಿದಿರುತ್ತಿತ್ತು. ಕೇಳುವವನಿಗೆ ಅದೂ ಕೇಳಿಸುತ್ತದೇನೋ.

ಮೈದುನ ದಲ್ಲಾಳಿಯ ಮಾತು ಎತ್ತಿದ ಮಾರನೆಯ ಬೆಳಿಗ್ಗೆ ಹುಲ್ಲು ಹಾಕಲು ಲಾಯಕ್ಕೆ ಹೋದಳು. ಚಳಿ ಬಿದ್ದಿತ್ತು, ಬಾಗಿಲ ಬಳಿಯ ನೀರಿನ ತೊಟ್ಟಿಯ ಮೇಲೆ ಗಾಜಿನಂಥ ಮಂಜುಗಡ್ಡೆಯ ಪದರ ಕಟ್ಟಿತ್ತು. ಕುದುರೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಹುಲ್ಲು ಹಾಕಿದರೆ ಅವಳನ್ನು ಅದು ಏನೂ ಮಾಡುತ್ತಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ, ಅಷ್ಟೆ.

ನಾಳೆ ಇದು ಇರುವುದಿಲ್ಲ ಎಂದುಕೊಂಡಳು. ಯಾಕೆಂದು ತಿಳಿಯದೆ ಗೂಟದಿಂದ ಕಡಿವಾಣ ತೆಗೆದುಕೊಂಡಳು. ಸರಪಳಿಯ ಸದ್ದಿಗೇ ಕುದುರೆ ಗಿರಕ್ಕನೆ ತಿರುಗಿತು. ಕಣ್ಣಿನ ಬಿಳಿ ಕಂಡಿತು, ಹಲ್ಲು ಕಂಡಿತು. ಅವಳು ಹಿಂದಕ್ಕೂ ಸರಿಯಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಹೆದರಿಕೆ ಬರಲಿಲ್ಲ. ಧೈರ್ಯವೇನಲ್ಲ ಅದು. ಹೆದರುವ ಜಾಗದಲ್ಲೂ ಮರಗಟ್ಟಿತ್ತು.

"ಏನಿದೆ ಇದರಲ್ಲಿ, ಮುಳ್ಳೇ?" ಎಂದಳು. ಬಾಯಿಗೆ ಹೋಗುವ ಕಬ್ಬಿಣದ ತುಂಡನ್ನು ಬೆರಳಿನಿಂದ ಸವರಿ ನೋಡಿದಳು, ಎಲ್ಲಾದರೂ ತರಿ ಎದ್ದಿದೆಯೋ ಎಂದು. ಬೊಬ್ಬೆ ಒಣಗಿದ ಬೆರಳಿಗೆ ಏನೂ ತಿಳಿಯಲಿಲ್ಲ. ಹಾಗಾಗಿ, ಮಕ್ಕಳಿಗೆ ಕೊಡುವ ಮುಂಚೆ ಚಮಚವನ್ನು ತುಟಿಗೆ ತಾಗಿಸಿ ನೋಡುವಂತೆ, ಅದನ್ನು ತುಟಿಗೆ ತಂದಳು.

ಚುರ್ರೆಂದಿತು. ಚಳಿಗೆ ಕೊರೆಯುತ್ತಿದ್ದ ಕಬ್ಬಿಣ ಒದ್ದೆ ತುಟಿಗೆ ಕಚ್ಚಿಕೊಂಡಿತು. ಎಳೆದಾಗ ಸಣ್ಣಗೆ ಚರ್ಮ ಕಿತ್ತು ಬಂದು ಬಾಯೊಳಗೆ ಉಪ್ಪು ಉಪ್ಪಾಯಿತು.

ನಿಂತಲ್ಲೇ ನಿಂತಳು. ಬಹಳ ದಿನದ ಮೇಲೆ ಎಲ್ಲೋ ಒಂದು ಕಡೆ ನೋವಾಗಿತ್ತು. ನೆಕ್ಕಿ ನೋಡಿದಳು, ಮತ್ತೆ ಉರಿಯಿತು. ಕುದುರೆ ಹಲ್ಲು ಮುಚ್ಚಿ ಅವಳನ್ನೇ ನೋಡುತ್ತಿತ್ತು.

ಗಂಡ ಚಳಿ ಬಂದ ಮೇಲೆಯೇ ಅದನ್ನು ಅಡುಗೆಮನೆಗೆ ತರುತ್ತಿದ್ದ. ಬೇಸಿಗೆಯಲ್ಲಿ ಅದು ಲಾಯದಲ್ಲೇ ಇರುತ್ತಿತ್ತು. ಇಷ್ಟು ವರ್ಷ ಜಗಳವಾಡಿದ್ದಳೇ ಹೊರತು ಇದನ್ನು ಗಮನಿಸಿರಲಿಲ್ಲ. ಗದ್ದಲ ಮಾಡದೆ ಅವನು ಮಾಡುತ್ತಿದ್ದ ಕೆಲಸ. ಕೇಳಿದ್ದಕ್ಕೆ ಒಗ್ಗರಣೆಯ ಮಾತು ಹೇಳಿ ನಕ್ಕಿದ್ದ. ಅವಳು ಮನೆ ತೊಳೆದು, ಶುದ್ಧ ಮಾಡಿ, ಅದನ್ನು ಚಳಿಯಲ್ಲಿ ತೂಗು ಹಾಕಿ ಬಂದಿದ್ದಳು. ಮೈದುನ ಪ್ರತಿ ಬೆಳಿಗ್ಗೆ ಆ ಸುಡುವ ತಣ್ಣನೆಯ ಕಬ್ಬಿಣವನ್ನು ಕುದುರೆಯ ನಾಲಿಗೆಗೆ ಒತ್ತಿದ್ದ.

ಒಳಗೆ ಹೋಗಿ ಕಡಿವಾಣವನ್ನು ಒಲೆಯ ಪಕ್ಕದ ಮೊಳೆಗೆ ಹಾಕಿದಳು. ಅತ್ತೆ ನೋಡಿದರು.

"ತುಟಿಗೆ ಏನಾಯ್ತೇ?"

"ಏನಿಲ್ಲ ಅತ್ತೆ."

ಕಾದ ಕಬ್ಬಿಣವನ್ನು ಶಾಲಿನೊಳಗೆ ಹೊಟ್ಟೆಗೆ ಅವುಚಿಕೊಂಡು ಮತ್ತೆ ಹೋದಳು. ಆದರೆ ಕುದುರೆಗೆ ಏನು ಗೊತ್ತು, ಕಾದದ್ದೋ ತಣ್ಣಗಿರುವುದೋ? ಅದಕ್ಕೆ ಗೊತ್ತಿದ್ದದ್ದು ಸದ್ದು, ಹಗ್ಗ, ತಿರುಚಿದ ಕಿವಿ. ಎರಡು ಕಾಲ ಮೇಲೆ ಎದ್ದಿತು. ಮೇಲಿನಿಂದ ದೂಳು ಉದುರಿತು. ಅವಳು ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಸ್ವಲ್ಪ ಹೊತ್ತಿನ ಮುಂಚೆ ಇಲ್ಲದ ಹೆದರಿಕೆ. ಅವಳಿಗೆ ನಗು ಬಂದಂತಾಯಿತು, ಬರಲಿಲ್ಲ.

ಬಕೆಟು ಬೋರಲು ಹಾಕಿ ಅದರ ಮೇಲೆ ಕೂತಳು. ಕಡಿವಾಣವನ್ನು ಶಾಲಿನ ಒಳಗೇ ಮಡಿಲಲ್ಲಿ ಇಟ್ಟುಕೊಂಡು, ಕುದುರೆಯ ಕಡೆ ನೋಡದೆ, ಬಾಯಿಗೆ ಬಂದದ್ದು ಹೇಳತೊಡಗಿದಳು. "ನಿನ್ನೆ ಸಾರಿಗೆ ಉಪ್ಪೇ ಹಾಕಿರಲಿಲ್ಲ ಕಣೋ. ಅತ್ತೆ ಸುಮ್ಮನೆ ಉಂಡರು. ಮೊದಲಾಗಿದ್ರೆ ತಟ್ಟೆ ತಳ್ತಿದ್ರು. ನನಗೆ ಹೆದರ್ತಿದಾರೆ ಈಗ, ನೋಡು. ನಿನಗೂ ಹೆದರ್ತಾರೆ, ನನಗೂ ಹೆದರ್ತಾರೆ." ಕಬ್ಬಿಣ ತಣ್ಣಗಾದಾಗ ಎದ್ದು ಹೋಗಿ ಕಾಯಿಸಿಕೊಂಡು ಬರುವಳು, ಮತ್ತೆ ಕೂರುವಳು. ಬಿಸಿಲು ಬಾಗಿಲಿನಿಂದ ತೊಟ್ಟಿಯವರೆಗೆ ಸರಿಯಿತು. ಮಧ್ಯಾಹ್ನದ ಹೊತ್ತಿಗೆ ಭುಜದ ಮೇಲೆ ಬಿಸಿಯುಸಿರು ಬಿತ್ತು. ಅವಳು ಅಲುಗಲಿಲ್ಲ. ಕುದುರೆ ಶಾಲನ್ನು ಮೂಸಿತು, ಮಡಿಲನ್ನು ಮೂಸಿತು, ಕಬ್ಬಿಣ ಇದ್ದ ಜಾಗದಲ್ಲಿ ಮೂತಿಯನ್ನು ಒತ್ತಿ ಹಾಗೇ ಇಟ್ಟುಕೊಂಡಿತು. ಬಾಯಿ ಮಾತ್ರ ತೆರೆಯಲಿಲ್ಲ. ಸಂಜೆಯವರೆಗೂ ತೆರೆಯಲಿಲ್ಲ.

ಮಾರನೆಯ ಬೆಳಿಗ್ಗೆ ದಲ್ಲಾಳಿ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದ. ದಪ್ಪ ಕೋಟು, ಕೈಯಲ್ಲಿ ಹೊಸ ಹಗ್ಗ. ಮೈದುನ ಅವನನ್ನು ಲಾಯದ ಬಾಗಿಲಿಗೆ ಕರೆತಂದಾಗ ಅವಳು ಕಾಯಿಸಿ ತಂದ ಕಡಿವಾಣ ಹಿಡಿದು ಕುದುರೆಯ ಮುಂದೆ ನಿಂತಿದ್ದಳು.

"ಸರೀರಿ ತಾಯಿ, ಇದು ಹೆಂಗಸರ ಕೆಲಸ ಅಲ್ಲ" ಎಂದ ದಲ್ಲಾಳಿ.

"ಸ್ವಲ್ಪ ತಡೀರಿ ಅಣ್ಣ."

"ತಡೆದ್ರೆ ಅದೇನು ಕುರಿ ಆಗತ್ತಾ? ಬರಿಗೈಲಿ ಹೋದ್ರೆ ನನ್ನ ಹೆಂಡತಿ ನನಗೇ ಲಗಾಮು ಹಾಕ್ತಾಳೆ ತಾಯಿ, ನೀವೇ ಹೇಳಿ."

"ಹಾಕಿಸ್ಕೊಳ್ಳಿ. ಆದ್ರೆ ಕಾಯಿಸಿ ಹಾಕು ಅಂತ ಹೇಳಿ ಅವರಿಗೆ" ಎಂದಳು.

ಮೈದುನ ಬೆರಗಾಗಿ ಅತ್ತಿಗೆಯನ್ನು ನೋಡಿದ. ಅವಳ ಬಾಯಲ್ಲಿ ಕುಚೋದ್ಯದ ಮಾತು ಬಂದು ಎಷ್ಟೋ ದಿನವಾಗಿತ್ತು. ಜೋಮು ಹಿಡಿದ ಕಾಲಿಗೆ ರಕ್ತ ಇಳಿಯುವಾಗ ಚುಚ್ಚುವಂತೆ ಅವಳಿಗೆ ಬೆರಳ ತುದಿಯಿಂದ ಚುಚ್ಚಿ ಬರುತ್ತಿತ್ತು. ಕುದುರೆ ಹೋಗಿಬಿಡುತ್ತದೆ ಎಂಬುದು ಈಗ ಇಳಿಯತೊಡಗಿತ್ತು.

ಕಡಿವಾಣ ಎತ್ತಿದ್ದು ಕಂಡು ಕುದುರೆ ಕಿವಿ ಒರಗಿಸಿತು. ಅವಳು ಕೈ ತಗ್ಗಿಸಿದಳು. ಕಬ್ಬಿಣವನ್ನು ಮೊದಲು ತನ್ನ ಕೆನ್ನೆಗೆ ಒತ್ತಿಕೊಂಡಳು, ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಅದನ್ನು ಅಂಗೈ ಮೇಲೆ ಅಡ್ಡ ಇಟ್ಟು, ಕಾಳು ಕೊಡುವ ಹಾಗೆ ಚಾಚಿದಳು. ತಳ್ಳಲಿಲ್ಲ.

"ಬೇಡದಿದ್ರೆ ಬಿಡು ದೊರೆ" ಎಂದಳು.

ಕುದುರೆ ಮೂಸಿತು. ತುಟಿಯಿಂದ ಕಬ್ಬಿಣವನ್ನು ಹೊರಳಿಸಿ ನೋಡಿತು. ಸರಪಳಿ ಸಣ್ಣಗೆ ಸದ್ದು ಮಾಡಿದಾಗ ಮೈ ಝಲ್ಲೆಂದಿತು, ಆದರೆ ತಲೆ ಎತ್ತಲಿಲ್ಲ. ಬಾಯಿ ತೆರೆದು, ಹಲ್ಲಿನ ನಡುವೆ ಅದನ್ನು ತಾನೇ ಎತ್ತಿಕೊಂಡು, ಅಗಿದು, ಇದ್ದ ಜಾಗಕ್ಕೆ ಕೂರಿಸಿಕೊಂಡಿತು.

ದಲ್ಲಾಳಿ ತನ್ನ ಹಗ್ಗವನ್ನು ಮೆಲ್ಲಗೆ ಸುತ್ತಿ ಕೋಟಿನ ಜೇಬಿಗೆ ಹಾಕಿಕೊಂಡ. "ನಾನು ಬಂದದ್ದೇ ಸುಳ್ಳು ಅಂದ್ಕೊಳ್ಳಿ" ಎಂದು ಹೊರಟುಹೋದ.

ಅಂದೇ ಗಾಡಿ ಹೊರಟಿತು. ಲಗಾಮು ಅವಳ ಕೈಯಲ್ಲಿ. ಮೈದುನ ಹಿಂದೆ ಕ್ಯಾನುಗಳ ನಡುವೆ, ಅಳತೆಯ ಲೋಟ ಹಿಡಿದು. ಅವಳಿಗೆ ದಾರಿ ಗೊತ್ತಿರಲಿಲ್ಲ, ಕುದುರೆಗೆ ಗೊತ್ತಿತ್ತು. ಬೇಕರಿಯ ಮುಂದೆ ನಿಂತಿತು, ಮೆಟ್ಟಿಲಿರುವ ಮನೆಯ ಮುಂದೆ ನಿಂತಿತು, ದರ್ಜಿಯ ಬಾಗಿಲಲ್ಲಿ ನಿಂತಿತು. ದರ್ಜಿಯ ಹೆಂಡತಿ ಪಾತ್ರೆ ಹಿಡಿದು ಹೊರಗೆ ಬಂದವಳು ಗಾಡಿಯ ಮೇಲೆ ಇವಳನ್ನು ಕಂಡು ಬಾಯಿಗೆ ಸೆರಗು ಒತ್ತಿಕೊಂಡಳು.

"ಅಳೆದುಕೊಡ್ತೀವಿ ಅಕ್ಕ, ನಾವು ಎಚ್ಚರವಾಗೇ ಇದೀವಿ" ಎಂದು ಮೈದುನ ಹೇಳಿ, ಹೇಳಬಾರದಿತ್ತೇನೋ ಎಂದು ನಾಲಿಗೆ ಕಚ್ಚಿಕೊಂಡ.

ಸೌದೆ ಮಂಡಿ ದಾಟಿ, ರಸ್ತೆ ತಗ್ಗಿಗೆ ಇಳಿಯುವಲ್ಲಿ, ಒಂದು ಉದ್ದನೆಯ ಗೋಡೆಯ ಪಕ್ಕದಲ್ಲಿ ಕುದುರೆ ಮತ್ತೆ ನಿಂತಿತು. ಅಲ್ಲಿ ಬಾಗಿಲಿರಲಿಲ್ಲ, ಕಿಟಕಿಯೂ ಇರಲಿಲ್ಲ. ಗೋಡೆಯ ಆಚೆಯಿಂದ ಒಂದು ಮರ ರಸ್ತೆಗೆ ಬಾಗಿತ್ತು, ಎಲೆ ಉದುರಿದ ಮರ.

"ಇಲ್ಲಿ ಯಾರ ಮನೆ ಅತ್ತಿಗೆ?" ಮೈದುನ ಲೋಟ ಹಿಡಿದು ಅತ್ತಿತ್ತ ನೋಡಿದ.

ಅವಳು ಗೋಡೆ ನೋಡಿದಳು. ಕುದುರೆಯ ಬೆನ್ನು ನೋಡಿದಳು. ಅದು ಒಂದು ಕಿವಿಯನ್ನು ಹಿಂದಕ್ಕೆ, ಗಾಡಿಯ ಕಡೆಗೆ ತಿರುಗಿಸಿಕೊಂಡು, ಏನನ್ನೋ ಕೇಳಿಸಿಕೊಳ್ಳುವಂತೆ ನಿಂತಿತ್ತು.

"ಯಾರ ಮನೆಯೂ ಇಲ್ಲ" ಎಂದಳು.

"ಹೊಡೀಲಾ ಮತ್ತೆ? ಹೊತ್ತಾಗತ್ತೆ."

"ಬೇಡಪ್ಪ. ನಿಲ್ಲಲಿ."

ಲಗಾಮನ್ನು, ಅಂದು ಗಂಡನ ತೊಡೆಯ ಮೇಲಿದ್ದಂತೆ, ತನ್ನ ತೊಡೆಯ ಮೇಲೆ ಸಡಿಲ ಬಿಟ್ಟು ಕೂತಳು. ಮೈದುನ ಲೋಟವನ್ನು ಕ್ಯಾನಿನ ಮುಚ್ಚಳದ ಮೇಲೆ ಸದ್ದಾಗದಂತೆ ಇಟ್ಟ. ಕುದುರೆಯ ಉಸಿರು ಬಿಳಿಯಾಗಿ ಎದ್ದು ಮರದ ಕೆಳಗೆ ಕರಗುತ್ತಿತ್ತು. ಸಾಕಾದ ಮೇಲೆ ಅದು ತಾನಾಗಿಯೇ ಹೊರಟಿತು.

ಮನೆಗೆ ಬಂದಾಗ ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಅತ್ತೆ ಇಟ್ಟಿದ್ದರು. ಅವಳು ಕುದುರೆಯನ್ನು ಬಿಚ್ಚಿ, ಮೈ ಒರೆಸಿ, ಹುಲ್ಲು ಹಾಕಿ, ಕಡಿವಾಣದ ಎಂಜಲನ್ನು ಸೆರಗಿನಿಂದ ಒರೆಸುತ್ತ ಒಳಗೆ ಬಂದಳು. ಒಲೆಯ ಪಕ್ಕದ ಮೊಳೆಯಲ್ಲಿ ಸೌಟು ಇತ್ತು. ಅವಳು ಕಡಿವಾಣ ಹಿಡಿದು ನಿಂತದ್ದನ್ನು ಅತ್ತೆ ನೋಡಿದರು. ಎದ್ದು ಬಂದು, ಸೌಟನ್ನು ತೆಗೆದು ಆಚೆ ಗೋಡೆಯ ಮೊಳೆಗೆ ಹಾಕಿದರು.